‘ಎಲ್ಲಿ ನೋವು?’ ಅಂತ ಕೇಳೋಕೆ ಬಂದರೆ ಸಾಕು

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಡಾಕ್ಟರಿಕೆ ಓದುತ್ತಿದ್ದಾಳೆ. ಸಂಜೆಯಾದರೆ ಅಡುಗೆಮನೆ ಕಿಟಕಿಯಿಂದ ಅವಳ ಪಾಠ ಕೇಳಿಸುತ್ತದೆ: ‘ಕುಬುಹ್ಲುಂಗು ಪೀ?’ ಇಲ್ಲಿನ ಖೋಸಾ ಭಾಷೆಯಲ್ಲಿ, ಎಲ್ಲಿ ನೋವು ಅಂತ. ಅವಳ ಮನೆಮಾತು ಇಂಗ್ಲಿಷ್. ಆದರೆ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರಾಗಬೇಕಾದರೆ ರೋಗಿಯ ಜೊತೆ ಖೋಸಾದಲ್ಲೂ ಡಚ್ ಮೂಲದ ಆಫ್ರಿಕಾನ್ಸ್‌ ಭಾಷೆಯಲ್ಲೂ ಮಾತಾಡಲು ಕಲಿಯಲೇಬೇಕು.

ಖೋಸಾ ಸುಲಭವೇನಲ್ಲ. ಅಯ್ಯೋ ಪಾಪ ಅಂತ ನಾವು ಲೊಚಗುಟ್ಟುತ್ತೇವಲ್ಲ, ಅದು ಅಲ್ಲಿ ಒಂದು ಅಕ್ಷರ. ಕುದುರೆ ಓಡಿಸುವವರು ಕೆನ್ನೆ ಬದಿಯಿಂದ ಮಾಡುವ ಸದ್ದು ಇನ್ನೊಂದು. ಬಾಟಲಿ ಬಿರಡೆ ಕಿತ್ತಂಥದ್ದು ಮತ್ತೊಂದು. ನಮ್ಮ ಬಾಯಲ್ಲೂ ಇರುವ ಸದ್ದುಗಳೇ, ವರ್ಣಮಾಲೆಗೆ ಸೇರಿಲ್ಲ ಅಷ್ಟೆ.

ನಮ್ಮ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಹೊರಗಿನವರಿಗೆ ‘ಬಳಕೆ ಕನ್ನಡ’ ಅಂತ ಒಂದು ಪಾಠ ಇದೆ. ಅಕ್ಕನ ಮಗನ ರೂಮ್‌ಮೇಟ್ ಬಿಹಾರದವನು, ಒಳ್ಳೆ ಮಾರ್ಕ್ಸಿನಲ್ಲೇ ಪಾಸಾದ. ಆಟೋದವರ ಹತ್ತಿರ ಮಾತ್ರ ಇವತ್ತಿಗೂ ಹಿಂದಿ. ಅವನದೇನು ತಪ್ಪು? ಪರೀಕ್ಷೆಯಲ್ಲಿ ಯಾರೂ ಅವನ ಬಾಯಿ ಬಿಡಿಸಲೇ ಇಲ್ಲ, ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಿ ಬಂದ. ಇಲ್ಲಿ ದಕ್ಷಿಣ ಆಫ್ರಿಕಾದಲ್ಲಾದರೆ ಮಖಾಂಡಾ ಊರಿನ ರೋಡ್ಸ್ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿಯವರಿಗೇ ಬೇರೆ ಖೋಸಾ ಪಾಠ, ಪತ್ರಿಕೋದ್ಯಮದವರಿಗೇ ಬೇರೆ. ಮಾತ್ರೆ ಕೊಡುವವನಿಗೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಹೇಳಲು ಬರಬೇಕು. ಹಳೆಗನ್ನಡದ ಪದ್ಯ ಆಮೇಲೆ ನೋಡಿಕೊಳ್ಳಬಹುದು, ಅಲ್ವಾ?

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಸುಮ್ನೆ ಹೊಗಳುವುದಿಲ್ಲ. ಈ ದೇಶದ 1996ರ ಸಂವಿಧಾನದಲ್ಲಿ ಖೋಸಾ ಅಧಿಕೃತ ಭಾಷೆ. ಆದರೂ ಖೋಸಾ ಮನೆಮಾತಿನ ಮಕ್ಕಳು ನಾಲ್ಕನೇ ತರಗತಿಗೆ ಇಂಗ್ಲಿಷ್ ಮೀಡಿಯಂಗೆ ಹೊರಳುವ ರೂಢಿ ದಶಕಗಳಿಂದ ನಡೆದು ಬಂದಿದೆ. ಡಾಕ್ಟರು ಖೋಸಾ ಕಲಿಯುತ್ತಾರೆ, ಖೋಸಾ ಹುಡುಗ ವಿಜ್ಞಾನವನ್ನು ಇಂಗ್ಲಿಷ್‌ನಲ್ಲಿ ಉರು ಹೊಡೆಯುತ್ತಾನೆ. ಈ ಚಿತ್ರ ನಮಗೆ ಹೊಸದಲ್ಲ.

2017ರಲ್ಲಿ ಹ್ಲೇಝೆ ಕುಂಜು ಎಂಬುವರು ಅದೇ ರೋಡ್ಸ್‌ನಲ್ಲಿ ಪಿಎಚ್‌ಡಿ ಪ್ರಬಂಧವನ್ನು ಪೂರ್ತಿ ಖೋಸಾದಲ್ಲೇ ಬರೆದು ಪದವಿ ಪಡೆದರು. ಆ ವಿಶ್ವವಿದ್ಯಾಲಯದಲ್ಲಿ ಅದೇ ಮೊದಲು. ವಿಷಯ ಏನು ಗೊತ್ತಾ? ಜಿಂಬಾಬ್ವೆಯಲ್ಲಿ ನೆಲೆಸಿರುವ ಖೋಸಾ ಜನರ ಭಾಷೆ. ಹೊರನಾಡ ಖೋಸಾದವರು ಅನ್ನಿ! ಓದಬೇಕು ಅಂತ ಬಹಳ ಆಸೆ. ಸದ್ಯಕ್ಕೆ ನನಗೆ ಬರುವುದು ಮಿನಿಬಸ್ ಹತ್ತುವಾಗ ಎಲ್ಲರಿಗೂ ಸೇರಿಸಿ ನಮಸ್ಕಾರ ಹೇಳುವ ‘ಮೊಲ್ವೇನಿ’ ಒಂದೇ. ಒಬ್ಬರೇ ಇದ್ದರೆ ‘ಮೋಲೊ’. ಮೊನ್ನೆ ತುಂಬಿದ ಗಾಡಿಯಲ್ಲಿ ‘ಮೋಲೊ’ ಅಂದುಬಿಟ್ಟೆ. ಯಾರಿಗೆ ಅಂತ ಎಲ್ಲರೂ ತಿರುಗಿ ನೋಡಿದರು.