ಬಾಲ್ಫೋರ್ ಪತ್ರದ ಕುರಿತು ಒಂದು ಸ್ಪಷ್ಟನೆ

‘1917ರಲ್ಲಿ ಬಾಲ್ಫೋರ್ ಘೋಷಣೆಯ ಮೂಲಕ ಬ್ರಿಟನ್ ಇಸ್ರೇಲ್ ದೇಶವನ್ನು ಸ್ಥಾಪಿಸಿತು’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಪರಿಶೀಲಿಸದೆ ಅದನ್ನು ಹಂಚಿಕೊಂಡವರಲ್ಲಿ ನಾನೂ ಒಬ್ಬ. ಆ ಹೇಳಿಕೆ ತಪ್ಪು.

ಬಾಲ್ಫೋರ್ ಘೋಷಣೆ ಎಂಬುದು 1917ರ ನವೆಂಬರ್ 2ರಂದು ಬ್ರಿಟನ್ನಿನ ವಿದೇಶಾಂಗ ಸಚಿವ ಆರ್ಥರ್ ಬಾಲ್ಫೋರ್ ಅವರು ಅಲ್ಲಿನ ಯಹೂದಿ ಸಮುದಾಯದ ಮುಖಂಡ ಲಾರ್ಡ್ ರಾಥ್ಸ್‌ಚೈಲ್ಡ್ ಅವರಿಗೆ ಬರೆದ ಪತ್ರ. ಪ್ಯಾಲೆಸ್ತೀನಿನಲ್ಲಿ ಯಹೂದಿ ಜನರಿಗೆ ‘ರಾಷ್ಟ್ರೀಯ ನೆಲೆ’ಯೊಂದು ಸ್ಥಾಪನೆಯಾಗುವುದನ್ನು ಬ್ರಿಟಿಷ್ ಸರ್ಕಾರ ಬೆಂಬಲಿಸುತ್ತದೆ ಎನ್ನುವ ಆ ಪತ್ರದಲ್ಲಿ ಸ್ವತಂತ್ರ ರಾಜ್ಯದ ಮಾತಿಲ್ಲ; ಅಲ್ಲಿ ನೆಲೆಸಿದ್ದ ಯಹೂದ್ಯೇತರ ಸಮುದಾಯಗಳ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಧಕ್ಕೆಯಾಗಬಾರದೆಂಬ ಷರತ್ತೂ ಇದೆ. ಬಹುಸಂಖ್ಯಾತರಾಗಿದ್ದ ಅರಬರನ್ನು ಹೆಸರಿಸದೆ, ಅವರ ರಾಜಕೀಯ ಹಕ್ಕುಗಳ ಬಗ್ಗೆ ಅದು ಮೌನ ವಹಿಸಿದ್ದೇ ಮುಂದಿನ ವಿವಾದಕ್ಕೆ ಒಂದು ಮುಖ್ಯ ಕಾರಣವಾಯಿತೆಂದು ನನಗನ್ನಿಸುತ್ತದೆ.

ಆಗ ಪ್ಯಾಲೆಸ್ತೀನಿನ ಬಹುಭಾಗ ಬ್ರಿಟನ್ನಿನ ವಶದಲ್ಲಿಯೂ ಇರಲಿಲ್ಲ. ಜೆರುಸಲೇಮ್ ಕೈಸೇರಿದ್ದು ಆ ಡಿಸೆಂಬರ್‌ನಲ್ಲಿ. ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯೂ ಕಾದಾಡಿ ಗೆದ್ದ ಹೈಫಾ, 1918ರ ಸೆಪ್ಟೆಂಬರ್‌ನಲ್ಲಿ. ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘವು (ಲೀಗ್ ಆಫ್ ನೇಷನ್ಸ್) ಪ್ಯಾಲೆಸ್ತೀನಿನ ಮೇಲೆ ಬ್ರಿಟನ್ನಿನ ಆಡಳಿತಾಧಿಕಾರವನ್ನು ಅನುಮೋದಿಸಿದ್ದು 1922ರಲ್ಲಿ. ಯಹೂದಿ ಮತ್ತು ಅರಬ್ ರಾಜ್ಯಗಳೆರಡನ್ನೂ ಸೂಚಿಸಿದ ವಿಭಜನಾ ನಿರ್ಣಯವನ್ನು ವಿಶ್ವಸಂಸ್ಥೆ 1947ರ ನವೆಂಬರ್ 29ರಂದು 33–13 ಮತಗಳಿಂದ ಅಂಗೀಕರಿಸಿತು. ಭಾರತ ಅದನ್ನು ವಿರೋಧಿಸಿತ್ತು. ಇಸ್ರೇಲ್ ತನ್ನನ್ನು ರಾಷ್ಟ್ರವೆಂದು ಘೋಷಿಸಿಕೊಂಡದ್ದು 1948ರ ಮೇ 14ರಂದು.

ಪತ್ರದ ಮೂಲಪಾಠ ಒಂದೇ ಪುಟದ್ದು, ಸುಲಭವಾಗಿ ಓದಲು ಸಿಗುತ್ತದೆ. ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿನಲ್ಲಿ ಈ ತಿದ್ದುಪಡಿಯನ್ನೂ ಹಾಕಿ.