ಬಾಲ ಕತ್ತರಿಸಿದರೂ ಪಾಲಾಗದ್ದು

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಅಡಿಕೆ ಸುಲಿಯುವ ರಾತ್ರಿ ಮಾತಿಗೆ ಬರಗಾಲವಿಲ್ಲ. ಮೆಟ್ಟುಗತ್ತಿ ಮುಂದೆ ಕೂತವರ ಬಾಯಲ್ಲಿ ಅರ್ಧ ಊರಿನ ಹಿಸ್ಸೆ ಜಗಳ ಬಂದು ಹೋಗುತ್ತದೆ. ಯಾರಿಗೆ ತೋಟ ಬಂತು, ಯಾರಿಗೆ ಬರೀ ಸೊಪ್ಪಿನಬೆಟ್ಟ ಬಂತು, ಇದೇ. ಕಳೆದ ಸಲ ಇದರ ನಡುವೆ ಅಣ್ಣನ ಮಗಳು ಮೊಬೈಲ್ ಹಿಡಿದು ಬಂದಳು. "ಚಿಕ್ಕಪ್ಪ, ಇದನ್ನ ಪಾಲು ಮಾಡಿ ನೋಡೋಣ."

7,39,39,133.

ಅವಿಭಾಜ್ಯ ಸಂಖ್ಯೆಯಂತೆ. ಅಷ್ಟು ಅಡಿಕೆಯನ್ನು ಅಂಗಳದಲ್ಲಿ ಸುರಿದರೆ ಸಮಪಾಲು ಆಗುವುದಿಲ್ಲ. ಒಬ್ಬನೇ ಎಲ್ಲ ಹೊತ್ತೊಯ್ಯಬೇಕು, ಇಲ್ಲವೇ ಏಳು ಕೋಟಿ ಚಿಲ್ಲರೆ ಜನ ಬಂದು ತಲೆಗೊಂದು ಒಯ್ಯಬೇಕು. ಕೈಯಲ್ಲಿ ಪರೀಕ್ಷೆ ಮಾಡುತ್ತೇನೆ ಅಂತ ಹೊರಟರೆ 8,600ರ ಹತ್ತಿರದವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಅವೇ ಸಾವಿರಕ್ಕೂ ಜಾಸ್ತಿ ಇವೆ. ನಾನು ಸುಮ್ನೆ ನಂಬಿದೆ.

ಒಡೆಯದ ಸಂಖ್ಯೆ ಅಂದರೆ ಅಪರೂಪವೇನಲ್ಲ. ಅವಕ್ಕೆ ಕೊನೆಯೇ ಇಲ್ಲ ಅಂತ ಯೂಕ್ಲಿಡ್ 2,000 ವರ್ಷಕ್ಕೂ ಹಿಂದೆಯೇ ತೋರಿಸಿದ್ದಾನೆ. ಇದರ ಹಟ ಬೇರೆ. ಕೊನೆಯ 3 ಕಿತ್ತುಹಾಕಿ, 73,93,913. ಅದೂ ಒಡೆಯದು. ಇನ್ನೊಂದು ಕಿತ್ತರೆ 7,39,391. ಆಮೇಲೆ 73,939, 7,393, 739, 73, ಕಡೆಗೆ 7. ಎಲ್ಲಿ ನಿಲ್ಲಿಸಿದರೂ ಅವಿಭಾಜ್ಯವೇ! ಹೀಗೆ ಬಾಲ ಕತ್ತರಿಸಿಕೊಂಡು ಬದುಕುವ ಸಂಖ್ಯೆಗಳು ಒಟ್ಟು 83 ಮಾತ್ರ. ಎಂಟು ಅಂಕಿಯವು ಐದೇ ಐದು. ಅವುಗಳಲ್ಲಿ ಇದೇ ದೊಡ್ಡದು.

ಬಾಲಕ್ಕೆ ಇನ್ನೊಂದು ಅಂಕಿ ಅಂಟಿಸಬಾರದಾ? ಸಮಸಂಖ್ಯೆ ಅಂಟಿಸಿದರೆ ಎರಡು ಪಾಲು, 5 ಅಂಟಿಸಿದರೆ ಐದು ಪಾಲು. ಇದರ ಅಂಕಿಗಳನ್ನು ಕೂಡಿದರೆ 38. 1 ಸೇರಿಸಿದರೆ 39, 7 ಸೇರಿಸಿದರೆ 45, ಎರಡೂ ಮೂರರ ಮಗ್ಗಿಯವು. ಹಾಗಾಗಿ ಆ ಸಂಖ್ಯೆಗಳೂ ಮೂರು ಪಾಲಾದವು. ಉಳಿದದ್ದು 3 ಮತ್ತು 9. ಅವಕ್ಕೆ ಇಂಥ ಸುಲಭದ ಉಪಾಯವಿಲ್ಲ, ಆದರೂ ಒಡೆಯುತ್ತವೆ.

ಅಮ್ಮ ಕೈ ನಿಲ್ಲಿಸದೆ ಕೇಳಿದಳು, "ತಲೆ ಕಡೆಯಿಂದ ತೆಗೆದ್ರೆ?"

ಇದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ 7 ಬಿಟ್ಟು ಬರೆದೆ, 39,39,133. ಒಂದು ಬಿಟ್ಟು ಒಂದು ಅಂಕಿ ಕೂಡಿದೆ. 3, 3, 1, 3 ಸೇರಿ 10. ಉಳಿದ 9, 9, 3 ಸೇರಿ 21. ವ್ಯತ್ಯಾಸ 11. ಅಲ್ಲಿಗೆ ಮುಗಿಯಿತು, ಹನ್ನೊಂದರಿಂದ ಚೊಕ್ಕವಾಗಿ ಭಾಗವಾಗುತ್ತದೆ. ಹಿರೀಕ ಏಳು ಎದ್ದು ಹೋದದ್ದೇ ತಡ, ಮನೆ ಹನ್ನೊಂದು ಪಾಲು.

ಜಗಲಿಯಲ್ಲಿ ಕವಳ ಹಾಕುತ್ತಿದ್ದ ಅಪ್ಪ ಇತ್ತ ತಿರುಗಿದರು.

"ಪಾಲಿಗೆ ಎಷ್ಟು ಬಂತೋ?"

"3,58,103."

"ಎಲ್ಲರಿಗೂ ಸಮನಾ?"

"ಸಮ, ಅಪ್ಪಯ್ಯ."

"ಹಂಗಾದ್ರೆ ನಮ್ಮೂರಿಂದಲ್ಲ ಬಿಡು," ಅಂದು ಇನ್ನೊಂದು ಎಲೆಗೆ ಸುಣ್ಣ ಸವರಿದರು.