ಕೂತ್ಕೊಳ್ಳೋ ಜಾಗ

ಬಚ್ಚಲಮನೆ ಬಾಗಿಲ ಹತ್ತಿರ ನನ್ನ ತಲೆ ಕ್ಲಿಪ್ಪು ಬಿದ್ದು ಇವತ್ತಿಗೆ ಮೂರು ದಿನ. ಕಪ್ಪು ಬಣ್ಣದ್ದು, ಏಡಿ ಥರ ಬಾಯಿ ಬಿಡುತ್ತದಲ್ಲ, ಆ ಕ್ಲಿಪ್ಪು. ಹಲ್ಲುಜ್ಜಲು ಹೋಗುವಾಗ ನಾನು ಅದನ್ನು ನೋಡುತ್ತೇನೆ. ಬರುವಾಗ ಅದು ನನ್ನನ್ನು ನೋಡುತ್ತದೆ. ಬಗ್ಗಿ ಎತ್ತೋಣ ಎಂದು ಅರ್ಧ ಬಗ್ಗಿದರೆ ಸಾಕು, ಬೆನ್ನಿನ ಕೆಳಗಿಂದ ಹಿಮ್ಮಡಿಯವರೆಗೆ ಯಾರೋ ಕರೆಂಟು ಬಿಟ್ಟ ಹಾಗೆ ಚಳಕ್ ಎನ್ನುತ್ತದೆ. ಬಟ್ಟೆ ಕ್ಲಿಪ್ಪು, ಕರವಸ್ತ್ರ, ಇವರ ಒಂಟಿ ಕಾಲುಚೀಲ, ಎಲ್ಲವನ್ನೂ ಈಗ ಕಾಲ್ಬೆರಳಲ್ಲೇ ಹಿಡಿದು ಎತ್ತುವುದು ಕಲಿತಿದ್ದೇನೆ. ಇದೊಂದು ಮಾತ್ರ ಜಾರಿ ಜಾರಿ, ಅರ್ಧ ಮೈ ವಾಷಿಂಗ್ ಮಷೀನಿನ ಕೆಳಗೆ ಹೊಕ್ಕು ಕೂತಿದೆ.

ನನ್ನ ಗಂಡ ದಿನಾ ಅದನ್ನು ದಾಟಿಕೊಂಡು ಸ್ನಾನಕ್ಕೆ ಹೋಗುತ್ತಾರೆ. "ಕಾಣಿಸಲಿಲ್ವಾ?" ಎಂದು ಕೇಳಿದೆ. "ಕಾಣಿಸ್ತು. ನೀನೇ ಅಲ್ಲಿ ಇಟ್ಕೊಂಡಿದೀಯ ಅಂದ್ಕೊಂಡೆ" ಅಂದರು.

ನನಗೀಗ 30 ವಾರ. ವಾರದ ಲೆಕ್ಕ ಬೇಡ ಅನ್ನುವವರಿಗೆ ಏಳು ತಿಂಗಳು. ವಾಂತಿ ನಿಂತಿತು, ಊಟ ಸೇರುತ್ತಿದೆ, ಇನ್ನು ಆರಾಮು ಎಂದುಕೊಳ್ಳುವಷ್ಟರಲ್ಲಿ ಸಯಾಟಿಕಾ ಎಂಬ ಈ ನರದ ನೋವು ಬಂತು. ಬಂದದ್ದು ಬಂತು, ಹೇಳಿಕೊಳ್ಳುವಂಥ ಜಾಗಕ್ಕೆ ಬರಬಾರದಿತ್ತಾ?

ಕನ್ನಡದಲ್ಲಿ ಆ ಜಾಗಕ್ಕೆ ಮರ್ಯಾದೆಯ ಹೆಸರೇ ಇಲ್ಲ ನೋಡಿ. ಕುಂಡೆ, ಅಂಡು ಎಂದರೆ ಯಾರನ್ನೋ ಬೈದ ಹಾಗಿರುತ್ತದೆ. ಪೃಷ್ಠ ಎಂದರೆ ಮೇಷ್ಟ್ರು ಬೆತ್ತ ಹಿಡಿದು ಬಂದ ಹಾಗೆ. ನಿತಂಬ ಎಂದರೆ ಹಳಗನ್ನಡದ ಕವಿಯೊಬ್ಬ ನನ್ನನ್ನು ವರ್ಣಿಸಲು ಕೂತ ಹಾಗೆ. ನನ್ನ ಈಗಿನ ನಡಿಗೆ ನೋಡಿದರೆ ಅವನು ಕಾವ್ಯ ಬಿಟ್ಟು ಶ್ಯಾನುಭೋಗಿಕೆಗೆ ಹೋಗುತ್ತಾನೆ. ಹಾಗಾಗಿ ಎಲ್ಲರಿಗೂ "ಸೊಂಟ ನೋವು" ಅಂತಲೇ ಹೇಳುತ್ತಾ ಬಂದೆ. ಆಫೀಸಿಗೂ ಸೊಂಟ, ಅತ್ತೆಗೂ ಸೊಂಟ. ಡಾಕ್ಟರ ಹತ್ತಿರ ಮಾತ್ರ ನಡೆಯಲಿಲ್ಲ.

"ಎಲ್ಲಿ ನೋವು?"

"ಸೊಂಟ ಡಾಕ್ಟ್ರೇ."

"ಸೊಂಟಾನಾ, ಅದರ ಕೆಳಗಾ?"

"ಸ್ವಲ್ಪ ಕೆಳಗೆ."

"ಎಷ್ಟು ಕೆಳಗೆ?"

ನಾನು ಇವರ ಮುಖ ನೋಡಿದೆ. ಇವರು ಗೋಡೆಯ ಮೇಲಿದ್ದ ಎದೆಹಾಲಿನ ಮಹತ್ವದ ಪಟವನ್ನು ನಾಳೆ ಪರೀಕ್ಷೆ ಇದ್ದವರ ಹಾಗೆ ಓದುತ್ತಿದ್ದರು. ಕೊನೆಗೆ ಅಲ್ಲಿಂದ ಕಣ್ಣು ತೆಗೆಯದೆಯೇ ಹೇಳಿದರು: "ಕೂತ್ಕೊಳ್ಳೋ ಜಾಗ, ಮೇಡಂ."

ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಹೆಸರು ಖಾಯಂ.

ಡಾಕ್ಟರು ಒಳ್ಳೆಯವರು, ಪುರುಸೊತ್ತಿಲ್ಲದವರು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡಿ, ಅದನ್ನೂ ನನ್ನನ್ನು ಕೇಳಿಯೇ ನುಂಗಿ ಅಂದರು. ಐಬುಪ್ರೊಫೆನ್ ಥರದ ಮಾತ್ರೆಗಳು 20 ವಾರ ದಾಟಿದ ಮೇಲೆ ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದಂತೆ. ಇವರು ಕ್ರಿಕೆಟಿಗರು ಹೊಡೆದುಕೊಳ್ಳುವ ಸ್ಪ್ರೇ ತಂದಿಟ್ಟಿದ್ದರು, ಅದೂ ಬೇಡ ಎಂದಾಯಿತು. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು ಗಂಭೀರವಾಗಿ ಕೇಳಿದರು. ಪಾದ ಎತ್ತಕ್ಕೆ ಆಗ್ತಾ ಇಲ್ವಾ? ತೊಡೆ ಸಂದಿಯಲ್ಲಿ ಮರಗಟ್ಟಿದ ಹಾಗಿದೆಯಾ? ಮೂತ್ರ ಗೊತ್ತಿಲ್ಲದೆ ಹೋಗೋದು, ಇಲ್ಲಾ ಕಟ್ಟಿಕೊಳ್ಳೋದು ಆಗಿದೆಯಾ? ಇಲ್ಲ, ಇಲ್ಲ, ಇಲ್ಲ ಅಂದೆ. "ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆ ಓಡಿ ಬರಬೇಕು" ಅಂದರು. ಓಡಲು ಬರುವ ಹಾಗಿದ್ದರೆ ನಾನು ಅವರ ಹತ್ತಿರ ಯಾಕೆ ಹೋಗುತ್ತಿದ್ದೆ, ಹೇಳಿ.

ಅಲ್ಲಿಂದ ಫಿಸಿಯೋಥೆರಪಿಗೆ. ಆ ಹುಡುಗಿ ನನಗಿಂತ ಐದಾರು ವರ್ಷ ಚಿಕ್ಕವಳು. ಪ್ಲಾಸ್ಟಿಕ್ಕಿನ ಬೆನ್ನುಮೂಳೆ ತೋರಿಸಿ ಚೆನ್ನಾಗಿ ವಿವರಿಸಿದಳು. ಸಯಾಟಿಕ್ ನರ ಮೈಯಲ್ಲೇ ಅತಿ ದಪ್ಪ ನರ. ಬೆನ್ನುಮೂಳೆಯ ಕೆಳತುದಿಯಲ್ಲಿ ಐದು ಬೇರುಗಳು ಕೂಡಿ, ಹತ್ತಿರ ಹತ್ತಿರ ಬೆರಳಿನಷ್ಟು ದಪ್ಪವಾಗಿ, ನಮ್ಮ ಆ ಜಾಗದ ಒಂದು ಸ್ನಾಯುವಿನ ಅಡಿಯಲ್ಲಿ ನುಸುಳಿ, ತೊಡೆಯ ಹಿಂದೆ ಇಳಿದು, ಮಂಡಿಯ ಹತ್ತಿರ ಕವಲಾಗಿ ಪಾದ ಸೇರುತ್ತದೆ. ಎಲ್ಲಾ ಸ್ಟಾಪಿನಲ್ಲೂ ನಿಲ್ಲುವ ಬಸ್ಸು. ನನ್ನ ನೋವೂ ಹಾಗೆಯೇ, ಒಂದು ಸ್ಟಾಪು ಬಿಡುವುದಿಲ್ಲ.

"ಮಗು ನರದ ಮೇಲೆ ಕೂತಿದೆ ಅಂತ ಎಲ್ಲರೂ ಅಂದ್ಕೊಳ್ತಾರೆ ಅಕ್ಕ. ಸಾಮಾನ್ಯವಾಗಿ ಹಾಗಲ್ಲ" ಅಂದಳು. ಹೊಟ್ಟೆ ಮುಂದೆ ಬಂದಂತೆ ಸೊಂಟ ಒಳಕ್ಕೆ ಬಾಗುತ್ತದೆ. ಜೊತೆಗೆ ಬಸುರಿನಲ್ಲಿ ರಿಲ್ಯಾಕ್ಸಿನ್ ಎಂಬ ಹಾರ್ಮೋನು ಹೆಚ್ಚಾಗಿ, ಕೀಲುಗಳ ಕಟ್ಟುಗಳು ಸಡಿಲವಾಗುತ್ತವೆ. ಎಷ್ಟೋ ಸಲ ನೋವು ಆ ಕೀಲುಗಳದ್ದೇ ಇರುತ್ತದೆ, ಹೆಸರು ಮಾತ್ರ ನರಕ್ಕೆ. ರಿಲ್ಯಾಕ್ಸಿನ್! ನನ್ನ ಮನೆಯಲ್ಲಿ ಎಲ್ಲರೂ ರಿಲ್ಯಾಕ್ಸ್ ಆಗಿದ್ದಾರೆ, ಅದನ್ನು ಹೊತ್ತವಳನ್ನು ಬಿಟ್ಟು.

ಇನ್ನು ನಮ್ಮ ಮಾವನವರಿಗೆ ಆಯುರ್ವೇದದ ಹುಚ್ಚು. ಇದಕ್ಕೆ ಆಯುರ್ವೇದದಲ್ಲಿ ಗೃಧ್ರಸಿ ಅಂತಾರಮ್ಮ ಅಂದರು. ಗೃಧ್ರ ಎಂದರೆ ರಣಹದ್ದು. ಈ ನೋವು ಬಂದವರ ನಡಿಗೆ ರಣಹದ್ದಿನ ಹಾಗಾಗುತ್ತದಂತೆ. ಇಷ್ಟು ದಿನ ಎಲ್ಲರೂ ಬಾತುಕೋಳಿ ಅನ್ನುತ್ತಿದ್ದರು. ಬಡ್ತಿ ಸಿಕ್ಕಿತು.

ಬಸ್ಸಿನದು ಇನ್ನೊಂದು ಕಥೆ. ಶಕ್ತಿ ಯೋಜನೆ ಬಂದು 2023ರಿಂದ ನಮಗೆ ಟಿಕೆಟ್ಟು ಪುಕ್ಕಟೆ, ಸೀಟು ಅದೃಷ್ಟ. ಆದರೂ ನನ್ನ ಹೊಟ್ಟೆ ನೋಡಿ ಯಾರಾದರೂ ಎದ್ದೇ ಏಳುತ್ತಾರೆ. ತೊಂದರೆ ಏನೆಂದರೆ, ನನಗೆ ಈಗ ನಿಂತರೆ ಕಡಿಮೆ ನೋವು, ಕೂತರೆ ಜಾಸ್ತಿ. ಮೊನ್ನೆ ಒಬ್ಬ ಹೆಂಗಸು ಎರಡು ಚೀಲ, ಒಂದು ಮಗು ಸಮೇತ ಎದ್ದು ನಿಂತು "ಕೂತ್ಕೊಳಮ್ಮ" ಅಂದರು. "ಬೇಡ, ನಿಂತ್ಕೊಳ್ತೀನಿ" ಅಂದೆ. ಆಕೆ ಅವಮಾನವಾದವರ ಹಾಗೆ ಇಡೀ ಬಸ್ಸಿಗೆ ಕೇಳುವಂತೆ "ಈಗಿನೋರಿಗೆ ಒಳ್ಳೇದು ಮಾಡಕ್ಕೂ ಹೋಗಬಾರದು" ಅಂದರು. ಕೂತೆ. ಮುಂದಿನ ಹಂಪಿನಲ್ಲಿ ದೇವರು ಕಂಡ.

ರಜೆ ಹಾಕು ಅನ್ನುತ್ತೀರಿ. ಸಿಗುವುದು 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8. ಅದನ್ನೂ ಮಗುವಿನ ಜೊತೆ ಕಳೆಯೋಣ ಎಂದು ಉಪ್ಪಿನಕಾಯಿ ಥರ ಜೋಪಾನ ಮಾಡಿ ಇಟ್ಟಿದ್ದೇನೆ.

ರಾತ್ರಿಗೆ ಬರೋಣ. ಎಡಮಗ್ಗುಲಿಗೆ ಮಲಗಬೇಕು, ಮಂಡಿಗಳ ಮಧ್ಯೆ ದಿಂಬು. ಹೊಟ್ಟೆ ಕೆಳಗೊಂದು, ಬೆನ್ನಿಗೊಂದು, ತಲೆಗೊಂದು. ಒಟ್ಟು ನಾಲ್ಕು ದಿಂಬು, ಇವರಿಗೆ ಮಡಚಿದ ಟವೆಲ್ಲು. ಏಳುವಾಗ ನೆಟ್ಟಗೆ ಏಳುವ ಹಾಗಿಲ್ಲ. ಎರಡು ಮಂಡಿ ಜೋಡಿಸಿ, ಮರದ ದಿಮ್ಮಿ ಉರುಳಿದ ಹಾಗೆ ಉರುಳಿ, ಕೈ ಊರಿ ಏಳಬೇಕು. ನಮ್ಮ ಅಜ್ಜಿ ಕಲಿಸಿದ್ದು ಬಲಮಗ್ಗುಲಲ್ಲಿ ಏಳಬೇಕು ಅಂತ. ಮಂಚದ ಬಲಕ್ಕೆ ಗೋಡೆ. ಹಾಗಾಗಿ ಎರಡು ತಿಂಗಳಿಂದ ದಿನಾ ಎಡಮಗ್ಗುಲಲ್ಲೇ ಏಳುತ್ತಿದ್ದೇನೆ, ಮುಖ ನೋಡಿದವರು "ಯಾವ ಮಗ್ಗುಲಲ್ಲಿ ಎದ್ದೆ?" ಎಂದು ಕೇಳುವುದನ್ನೂ ಬಿಟ್ಟಿದ್ದಾರೆ.

ಹೊರಳುವುದಕ್ಕೆ ಇವರ ಸಹಾಯ ಬೇಕು. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ನನ್ನ ಬೆನ್ನಿಗೆ ಕೈ ಕೊಟ್ಟು, ಬಸ್ಸು ರಿವರ್ಸ್ ತೆಗೆಸುವ ಕಂಡಕ್ಟರ್ ಹಾಗೆ ಹೇಳುತ್ತಾರೆ: "ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್!" ಮೊದಲ ದಿನ ನಕ್ಕೆ. ನಕ್ಕರೂ ನರ ಹಿಡಿಯುತ್ತದೆ ಎಂದು ಅವತ್ತೇ ಗೊತ್ತಾಯಿತು.

ಇಷ್ಟರ ಮಧ್ಯೆ ಹೋದ ಭಾನುವಾರ ಸೀಮಂತ.

ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಮೊಗ್ಗಿನ ಜಡೆ. ಎಲ್ಲ ಚೆನ್ನಾಗಿತ್ತು, ಕೂರುವುದೊಂದನ್ನು ಬಿಟ್ಟು. ಮಣೆ ಮೇಲೆ ಕೂರಬೇಕು ಅಂದರು. ನೆಲದಲ್ಲಿ ಕೂತರೆ ಏಳುವುದು ಹೆರಿಗೆ ಆದ ಮೇಲೆಯೇ, ಕುರ್ಚಿ ಕೊಡಿ ಅಂದೆ. ಶಾಸ್ತ್ರ ಬಿಡಬಾರದು, ಬಸುರಿ ಮಾತೂ ಮೀರಬಾರದು ಎಂದು ಹಿರಿಯರು ಚರ್ಚೆ ಮಾಡಿ, ಕುರ್ಚಿಯ ಮೇಲೆ ಮಣೆ ಇಟ್ಟರು. ನಾಲ್ಕೂ ಮೂಲೆಗೆ ಹಿತ್ತಾಳೆ ಹೂವು ಬಡಿದಿದ್ದ, ಗಟ್ಟಿ ಹಲಸಿನ ಮಣೆ. ಅದರ ಒಂದು ಹೂವು ಸರಿಯಾಗಿ ಎಲ್ಲಿ ಬಂತೆಂದು ಹೇಳಬೇಕಾ? ಒಂದೂವರೆ ಗಂಟೆ ಅದರ ಮೇಲೆ ಕೂತು ಮುಗುಳ್ನಕ್ಕೆ.

ಕೊನೆಗೆ ನಮಸ್ಕಾರ. "ಬಗ್ಗಬೇಡ, ಕೈ ಮುಗಿ ಸಾಕು" ಎಂದು ಅಮ್ಮ ಮೊದಲೇ ಎಲ್ಲರಿಗೂ ಹೇಳಿದ್ದಳು. ಎಲ್ಲರೂ ಒಪ್ಪಿದ್ದರು. ಆದರೆ ದೊಡ್ಡತ್ತೆ ಇದ್ದಾರಲ್ಲ.

ದೊಡ್ಡತ್ತೆ ಎಂದರೆ ಮಾವನವರ ಅಕ್ಕ, ಅರಸೀಕೆರೆಯಿಂದ ಬಂದವರು, ವಯಸ್ಸು 82. ಅವರದೊಂದು ಅಭ್ಯಾಸ. ಯಾರಾದರೂ ಎದುರು ಬಂದರೆ ಸಾಕು, "ಬೇಡ, ಬೇಡ, ನಮಸ್ಕಾರ ಎಲ್ಲ ಯಾಕೆ" ಅನ್ನುತ್ತಾರೆ. ಬಾಯಿ ಬೇಡ ಅನ್ನುತ್ತಿರುವಾಗ ಬಲಗಾಲು ಅರ್ಧ ಹೆಜ್ಜೆ ಮುಂದೆ ಬರುತ್ತದೆ. ಕೊರಿಯರ್ ಹುಡುಗ ಬಂದಾಗಲೂ ಬಂದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವತ್ತೂ "ಬೇಡ ಕಣಮ್ಮ, ಬಸುರಿ ನೀನು" ಅಂದರು. ಕಾಲು ಬಂತು. ನಾನು ಆ ಕಾಲು ನೋಡಿದೆ, ಅವರ ಮುಖ ನೋಡಿದೆ, ಬಗ್ಗಿದೆ.

ಚಳಕ್.

ಕೈ ಅವರ ಪಾದದ ಮೇಲೆ, ತಲೆ ಅವರ ಮಂಡಿಯ ಮಟ್ಟದಲ್ಲಿ. ಮೇಲೂ ಇಲ್ಲ, ಕೆಳಗೂ ಇಲ್ಲ. "ದೀರ್ಘ ಸುಮಂಗಲೀ ಭವ" ಎಂದು ಮೇಲಿಂದ ಕೇಳಿತು. ನಾನು ಏಳಲಿಲ್ಲ. ಒಂದು ಕ್ಷಣ ಬಿಟ್ಟು "ಅಷ್ಟಪುತ್ರ ಸೌಭಾಗ್ಯವತೀ ಭವ." ಒಂದಕ್ಕೇ ಈ ಗತಿ, ಇನ್ನು ಎಂಟಂತೆ. ಆಗಲೂ ಏಳಲಿಲ್ಲ. ದೊಡ್ಡತ್ತೆಗೆ ಸಂಸ್ಕೃತ ಮುಗಿಯಿತು, ಕನ್ನಡಕ್ಕೆ ಇಳಿದರು. "ನಾರ್ಮಲ್ ಡೆಲಿವರಿ ಆಗ್ಲಿ." ನಾನು ಹಾಗೇ ಇದ್ದೆ. "ಗಂಡಂಗೆ ಪ್ರಮೋಷನ್ ಆಗ್ಲಿ." ಹಾಗೇ. "ಸ್ವಂತ ಮನೆ ಆಗ್ಲಿ... ಮೆಟ್ರೋ ಹತ್ರಾನೇ ಆಗ್ಲಿ."

ಸುತ್ತ ಇದ್ದವರು ಮೌನವಾದರು. "ಈ ಕಾಲದಲ್ಲೂ ಎಂಥಾ ಭಕ್ತಿ ನೋಡಿ" ಎಂದು ಯಾರೋ ಮೂಗು ಸೀಟಿದರು. ಫೋಟೋದವನು "ಮೇಡಂ, ಹಾಗೇ ಇರಿ, ಸೂಪರ್" ಅಂದ. ನನಗೆ ಕಾಣುತ್ತಿದ್ದುದು ದೊಡ್ಡತ್ತೆಯ ಕಾಲು ಮಾತ್ರ. ಸವೆದು ತಂತಿಯಂತಾದ ಬೆಳ್ಳಿ ಕಾಲುಂಗುರ, ಬಿರುಕು ಬಿಟ್ಟ ಹಿಮ್ಮಡಿ, ಆ ಬಿರುಕಿನಲ್ಲಿ ಸಿಕ್ಕಿಕೊಂಡ ಒಂದು ಅಕ್ಷತೆ ಕಾಳು. ಉಸಿರು ಕೂಡಿಸಿ "ನರ... ನರ..." ಅಂದೆ.

"ಏನಂತೆ?" ಎಂದರು ದೊಡ್ಡತ್ತೆ. ಕಿವಿ ಅಷ್ಟಕ್ಕಷ್ಟೆ.

"ವರ ಅಂತೆ! ವರ ಕೇಳ್ತಿದಾಳೆ!" ಎಂದು ನಾದಿನಿ ಕೂಗಿದಳು.

"ಕೇಳು ತಾಯಿ, ಏನು ಬೇಕಾದ್ರೂ ಕೇಳು!" ದೊಡ್ಡತ್ತೆಯ ಗಂಟಲು ಕಟ್ಟಿತು. ಸೊಂಟದ ಚೀಲ ಬಿಚ್ಚುವ ಸದ್ದೂ ಕೇಳಿಸಿತು. ಸುಳ್ಳು ಯಾಕೆ, ಒಂದು ಕ್ಷಣ ಅವರ ಎರಡೆಳೆ ಸರ ನೆನಪಾಯಿತು.

ಇವರಿಗೆ ಆಗ ಹೊಳೆಯಿತು. ಜನರನ್ನು ಸರಿಸಿಕೊಂಡು ಬಂದು, ನನ್ನ ಭುಜ ಹಿಡಿದು, ನೂರು ಜನರ ಎದುರು "ಬರ್ಲಿ... ಬರ್ಲಿ..." ಶುರು ಮಾಡಿದರು. ಹೋಲ್ಡಾನ್ ಹೊತ್ತಿಗೆ ನಾನು ನೆಟ್ಟಗೆ ನಿಂತಿದ್ದೆ, ಕಣ್ಣಲ್ಲಿ ನೀರು. ಅದನ್ನೂ ಭಕ್ತಿಯ ಲೆಕ್ಕಕ್ಕೇ ಹಾಕಿಕೊಂಡರು.

ವಿಷಯ ತಿಳಿದ ಮೇಲೆ ದೊಡ್ಡತ್ತೆ ಪೆಚ್ಚಾಗಲಿಲ್ಲ. "ಕಾಲು ಮುಂದಾಗಿ ಹುಟ್ಟಿದೋರು ಯಾರಾದ್ರೂ ಇದೀರೇನ್ರೋ ಇಲ್ಲಿ?" ಎಂದು ಕೂಗಿದರು. ಅಂಥವರು ಮೆಲ್ಲಗೆ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎನ್ನುವುದು ನಿಮ್ಮೂರಲ್ಲೂ ಇರಬೇಕಲ್ವಾ? ಅಡುಗೆಯವರ ಜೊತೆ ಬಂದಿದ್ದ ಹುಡುಗನೊಬ್ಬ ಜಾಲರಿ ಸೌಟು ಹಿಡಿದ ಕೈಯನ್ನೇ ಎತ್ತಿದ. ಪಾಪ, ಬಹಳ ಭಯಭಕ್ತಿಯಿಂದ ಹೆಗಲಿನ ಟವೆಲ್ಲಿನಲ್ಲಿ ಅಂಗಾಲು ಒರೆಸಿಕೊಳ್ಳತೊಡಗಿದ. "ಒಳಗೊಂದು ಆಗಲೇ ಒದೀತಿದೆ, ಹೊರಗಿನೋರು ಬೇಡ!" ಎಂದು ಕಿರುಚಿದೆ. ಹುಡುಗನಿಗೆ ನಿರಾಸೆಯಾಯಿತು.

ಅವತ್ತು ರಾತ್ರಿ ಅಮ್ಮ ಬಿಸಿನೀರಿನಲ್ಲಿ ಟವೆಲ್ಲು ಅದ್ದಿ ಹಿಂಡಿ, ಆ ಜಾಗಕ್ಕೆ ಹದವಾಗಿ ಶಾಖ ಕೊಡುತ್ತಿದ್ದಳು. "ನಿಂಗೂ ಹೀಗೇ ಆಗಿತ್ತಾಮ್ಮ, ನಾನು ಹೊಟ್ಟೇಲಿದ್ದಾಗ?" ಎಂದು ಕೇಳಿದೆ. "ಆಗಿತ್ತೇನೋ" ಅಂದಳು. ಟವೆಲ್ಲು ಇನ್ನೊಂದು ಸಲ ಹಿಂಡಿದಳು. "ಬೋರ್‌ವೆಲ್ಲಿಂದ ಕೊಡ ಎಡಸೊಂಟಕ್ಕೆ ಇಟ್ಕೊಂಡ್ರೆ ಕಾಲು ಜೋಮು ಹಿಡಿತಿತ್ತು. ಬಲಕ್ಕೆ ಬದಲಾಯಿಸ್ಕೊಳ್ತಿದ್ದೆ."

"ಯಾರಿಗೂ ಹೇಳ್ಲಿಲ್ವಾ?"

"ಏನಂತ ಹೇಳೋದು?"

ಅವಳಿಗೂ ಆ ಜಾಗಕ್ಕೆ ಹೆಸರು ಸಿಕ್ಕಿರಲಿಲ್ಲ ಅನಿಸುತ್ತದೆ.

ನಿನ್ನೆ ಸ್ಕ್ಯಾನ್ ಇತ್ತು. ಎಲ್ಲ ಸರಿಯಿದೆ, ಆದರೆ ಮಗು ತಲೆ ಮೇಲೆ ಮಾಡಿಕೊಂಡು ಕೂತಿದೆ ಅಂದರು. ಕೂತಿದೆ! ಮನೆಯಲ್ಲಿ ಒಬ್ಬರಾದರೂ ಆರಾಮಾಗಿ ಕೂತಿದ್ದಾರಲ್ಲ. ಇನ್ನೂ ಟೈಮಿದೆ, 36 ವಾರದ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವಾಗಿಯೇ ತಿರುಗುತ್ತವೆ, ಚಿಂತೆ ಬೇಡ ಎಂದು ಡಾಕ್ಟರು ಹೇಳಿದರು. ಇವರು ಅದನ್ನೇ ದೊಡ್ಡತ್ತೆಗೆ ಫೋನಿನಲ್ಲಿ ಮೂರು ಸಲ ಕೂಗಿ ಹೇಳಿದರು.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಸ್ಪೀಕರಿನಲ್ಲಿ ದೊಡ್ಡತ್ತೆಯ ದನಿ, ಬಹಳ ಮೆತ್ತಗೆ: "ತಿರುಗದಿದ್ರೂ ಒಳ್ಳೇದೇ ಬಿಡೋ. ಆರು ವರ್ಷದಿಂದ ನನ್ನ ಸೊಂಟ ಹಿಡ್ಕೊಂಡಿದೆ. ಹುಟ್ಟಿದ ತಕ್ಷಣ ಮೊದಲನೇ ಒದೆ ನಂಗೇ ಅಂತ ಹೇಳಿಡು."